ಕಾರ್ಯಭಾರ ಪಟ್ಟಿಗೆ ಸೇರದ ಗಂಟೆಗಳು: ವಿಶ್ವವಿದ್ಯಾಲಯಗಳ ಆಡಳಿತಕ್ಕೊಂದು ಬಹಿರಂಗ ಪತ್ರ

ಮಾನ್ಯ ಕುಲಪತಿಗಳೇ, ಕುಲಸಚಿವರೇ, ಆಡಳಿತ ಮಂಡಳಿಯ ಸದಸ್ಯರೇ,

ಅಧ್ಯಾಪಕರ ತರಬೇತಿಗೆ ಒಂದು ಸಮಿತಿ, ಅವರ ಕ್ಷೇಮಕ್ಕೆ ಮತ್ತೊಂದು ಸಮಿತಿ. ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ವ್ಯವಸ್ಥೆ ಇರುವುದು ಹೀಗೆ. ಮೊದಲನೆಯದು ವರ್ಷಕ್ಕೆ ಎಷ್ಟು ಕಾರ್ಯಾಗಾರ ನಡೆದವು, ಎಷ್ಟು ಪ್ರಮಾಣಪತ್ರ ಕೊಟ್ಟೆವು ಎಂದು ಲೆಕ್ಕ ಇಡುತ್ತದೆ. ಎರಡನೆಯದು ಒತ್ತಡ ನಿವಾರಣೆಯ ಬಗ್ಗೆ ಉಪನ್ಯಾಸ ಏರ್ಪಡಿಸುತ್ತದೆ. ಇಬ್ಬರ ಮೇಜಿಗೂ ಬಾರದ ಕಾಗದ ಒಂದಿದೆ. ಅದು ಯಾರ ಪಾಲಿಗೆ ಎಷ್ಟು ಗಂಟೆ ಕೆಲಸ ಎಂದು ಬರೆದಿಡುವ ವಿಭಾಗದ ಕಾರ್ಯಭಾರ ಪಟ್ಟಿ. ಒಬ್ಬ ಅಧ್ಯಾಪಕಿ ಹೊಸದನ್ನು ಕಲಿಯಲು ಸಾಧ್ಯವೇ, ಹತ್ತು ವರ್ಷದ ನಂತರವೂ ಉತ್ಸಾಹದಿಂದ ತರಗತಿಗೆ ಹೋಗುತ್ತಾಳೆಯೇ ಎಂಬುದನ್ನು ಬಹುಪಾಲು ತೀರ್ಮಾನಿಸುವುದು ಆ ಪಟ್ಟಿ. ಅಧ್ಯಾಪಕರ ಕಲಿಕೆ ಮತ್ತು ಕ್ಷೇಮ ಎರಡನ್ನೂ ಅಲ್ಲಿಂದಲೇ ಶುರುಮಾಡಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇವೆ.

ಲೆಕ್ಕವನ್ನೇ ನೋಡಿ. 15 ವಾರಗಳ ಸೆಮಿಸ್ಟರ್, ವಾರಕ್ಕೆ 40 ಗಂಟೆ ಕೆಲಸ ಎಂದಿಟ್ಟುಕೊಳ್ಳೋಣ. ಕೈಯಲ್ಲಿರುವುದು 600 ಗಂಟೆ. ಒಬ್ಬ ಅಧ್ಯಾಪಕರಿಗೆ ಮೂರು ಪತ್ರಿಕೆಗಳು, ಒಂದೊಂದಕ್ಕೂ ವಾರಕ್ಕೆ 3 ಗಂಟೆ ತರಗತಿ. ಪಟ್ಟಿಯಲ್ಲಿ ಕಾಣುವುದು “ವಾರಕ್ಕೆ 9 ಗಂಟೆ”. ಓದಿದವರಿಗೆ ಆರಾಮದ ಕೆಲಸ ಅನ್ನಿಸುತ್ತದೆ. ಈ 9 ಗಂಟೆ ಸೆಮಿಸ್ಟರಿಗೆ 135 ಗಂಟೆಯಾಯಿತು. ಮೂರರಲ್ಲಿ ಎರಡು ಪತ್ರಿಕೆ ಹಿಂದೆ ಪಾಠ ಮಾಡಿದ್ದು, ಒಂದು ಹೊಸದು. ಹಳೆಯದಕ್ಕೆ ತರಗತಿಯ ಪ್ರತಿ ಗಂಟೆಗೆ ಒಂದು ಗಂಟೆ ತಯಾರಿ ಎಂದರೆ 90, ಹೊಸದಕ್ಕೆ ಪ್ರತಿ ಗಂಟೆಗೆ ಮೂರು ಗಂಟೆ ಎಂದರೆ 135. ಹೊಸ ಪತ್ರಿಕೆಗೆ ಮೂರು ಗಂಟೆ ಎನ್ನುವುದು ಕೈಬಿಗಿ ಹಿಡಿದು ಹಾಕಿದ ಲೆಕ್ಕ. ಒಂದೊಂದು ಪತ್ರಿಕೆಯಲ್ಲಿ 60 ವಿದ್ಯಾರ್ಥಿಗಳಿದ್ದರೆ ಒಟ್ಟು 180 ಮಂದಿ. ತಲಾ ಎರಡು ಅಸೈನ್‌ಮೆಂಟ್, ಒಂದನ್ನು ಓದಿ ಎರಡು ಸಾಲು ಟಿಪ್ಪಣಿ ಬರೆಯಲು 15 ನಿಮಿಷ ಎಂದರೆ 90 ಗಂಟೆ. ಕೊನೆಯ ಪರೀಕ್ಷೆಯ ಉತ್ತರ ಪತ್ರಿಕೆಗೆ 20 ನಿಮಿಷದಂತೆ 60 ಗಂಟೆ. ವಿದ್ಯಾರ್ಥಿಗಳನ್ನು ಕಾಣಲು ವಾರಕ್ಕೆ 4 ಗಂಟೆ ಎಂದರೆ ಇನ್ನೊಂದು 60. ಅವರ ಇಮೇಲ್‌ಗಳಿಗೆ ದಿನಕ್ಕೆ ಅರ್ಧ ಗಂಟೆಯಂತೆ 37.5.

ಕೂಡಿದರೆ 607.5. ಪಾಠಕ್ಕೇ 600 ಗಂಟೆ ಸಾಲಲಿಲ್ಲ. ವಾರಕ್ಕೆ 3 ಗಂಟೆಯಷ್ಟು ಸಭೆ ಮತ್ತು ಸಮಿತಿ ಕೆಲಸ ಸೇರಿಸಿದರೆ 45, ಇಬ್ಬರು ಸಂಶೋಧನಾ ವಿದ್ಯಾರ್ಥಿಗಳಿಗೆ ವಾರಕ್ಕೆ ತಲಾ ಒಂದೂವರೆ ಗಂಟೆ ಎಂದರೆ ಮತ್ತೆ 45. ಒಟ್ಟು 697.5 ಗಂಟೆ. ಸ್ವಂತ ಸಂಶೋಧನೆ ಇನ್ನೂ ಶುರುವಾಗಿಲ್ಲ. ನೀವು ಕಳಿಸುವ ತರಬೇತಿಯೂ ಇದರಲ್ಲಿಲ್ಲ. ಮಿಕ್ಕ ಗಂಟೆಗಳು ರಾತ್ರಿಯಿಂದ, ಭಾನುವಾರದಿಂದ, ನಿದ್ದೆಯಿಂದ ಬರುತ್ತವೆ. ನಿಮ್ಮ ಸಂಖ್ಯೆಗಳು ಬೇರೆ ಇರಬಹುದು. ಹಾಗಿದ್ದರೆ ನಿಮ್ಮ ಸಂಖ್ಯೆಗಳನ್ನೇ ಹಾಕಿ ಕೂಡಿಸಿ ನೋಡಿ. ಆದರೆ ಕೂಡಿಸದೆ ಬಿಡಬೇಡಿ.

ಪಟ್ಟಿ ತಯಾರಿಸುವ ಕ್ರಮ ಕಷ್ಟದ್ದಲ್ಲ. ತರಗತಿಯ ಗಂಟೆ, ತಯಾರಿ, ಮೌಲ್ಯಮಾಪನ, ವಿದ್ಯಾರ್ಥಿ ಭೇಟಿ, ಸಂಶೋಧನಾ ಮಾರ್ಗದರ್ಶನ, ಆಡಳಿತದ ಕೆಲಸ, ಸಂಶೋಧನೆ, ವೃತ್ತಿಕಲಿಕೆ ಹೀಗೆ ಎಂಟು ಕಾಲಂ ಸಾಕು. ತಯಾರಿಯ ಕಾಲಮಿನಲ್ಲಿ ಹೊಸ ಪತ್ರಿಕೆಗೆ ಬೇರೆ ದರ ಇರಲಿ. ಮೌಲ್ಯಮಾಪನವನ್ನು ಪತ್ರಿಕೆಗೆ ಇಷ್ಟು ಎಂದು ಕೊಡದೆ ವಿದ್ಯಾರ್ಥಿಗೆ ಇಷ್ಟು ನಿಮಿಷ ಎಂದು ಕೊಡಿ. ಇಲ್ಲದಿದ್ದರೆ 25 ಜನರ ತರಗತಿಯೂ 120 ಜನರ ತರಗತಿಯೂ ಪಟ್ಟಿಯಲ್ಲಿ ಒಂದೇ ಆಗಿಬಿಡುತ್ತವೆ. ವೃತ್ತಿಕಲಿಕೆಯ ಕಾಲಮಿಗೆ ಸೆಮಿಸ್ಟರಿಗೆ ಕನಿಷ್ಠ 20 ಗಂಟೆ ಮೊದಲೇ ಬರೆದುಬಿಡಿ, ಉಳಿದರೆ ಕೊಡೋಣ ಎಂದು ಕೊನೆಗೆ ಇಡಬೇಡಿ. ಕೊನೆಗೆ ಏನೂ ಉಳಿಯುವುದಿಲ್ಲ.

ಈ ಪಟ್ಟಿಗಳು ಕೆಡುವುದು ಮೂರು ಕಡೆ. ಗಂಟೆಗಳ ದರವನ್ನು ಮೇಲಿನವರು ಕೂತು ನಿಗದಿ ಮಾಡುತ್ತಾರೆ, ಒಂದು ಉತ್ತರ ಪತ್ರಿಕೆ ತಿದ್ದಲು ನಿಜಕ್ಕೂ ಎಷ್ಟು ಹೊತ್ತು ಬೇಕೆಂದು ಯಾರೂ ಅಳೆದಿರುವುದಿಲ್ಲ. ಹತ್ತು ಉತ್ತರ ಪತ್ರಿಕೆಗಳನ್ನು ಗಡಿಯಾರ ಇಟ್ಟು ತಿದ್ದಿ ನೋಡಿದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ ಅದು. ಎರಡನೆಯದಾಗಿ, ಒಟ್ಟು ಮೊತ್ತ ಮಿತಿ ಮೀರಿದರೆ ಕೆಲಸ ತೆಗೆಯುವ ಬದಲು ದರ ಇಳಿಸುತ್ತಾರೆ. 20 ನಿಮಿಷ ಇದ್ದದ್ದು ಮುಂದಿನ ವರ್ಷ 12 ಆಗುತ್ತದೆ, ಕಾಗದದ ಮೇಲೆ ಎಲ್ಲ ಸರಿಹೋಗುತ್ತದೆ. ಮೂರನೆಯದು ಮುಚ್ಚಿಡುವುದು. ಅವರವರ ಸಾಲು ಅವರವರಿಗೆ ಮಾತ್ರ ಕಂಡರೆ, ಯಾರ ಮೇಲೆ ಎಷ್ಟು ಬಿದ್ದಿದೆ ಎಂದು ತಿಳಿಯುವುದೇ ಇಲ್ಲ. ಪಟ್ಟಿಯನ್ನು ವಿಭಾಗದ ಎಲ್ಲರಿಗೂ ಕಾಣುವಂತೆ ಹಾಕಿ. ಅಳುತ್ತಾ ಬರುವ ವಿದ್ಯಾರ್ಥಿಗಳನ್ನು ಕೂರಿಸಿ ಮಾತಾಡಿಸುವುದು, ಹೊಸಬರಿಗೆ ಕಚೇರಿಯ ದಾರಿ ತೋರಿಸುವುದು, ಪ್ರತಿ ಸಭೆಯ ನಡಾವಳಿ ಬರೆಯುವುದು ಇಂಥವು ಹೆಚ್ಚಾಗಿ ಮಹಿಳಾ ಅಧ್ಯಾಪಕರ ಮತ್ತು ಕಿರಿಯರ ಪಾಲಿಗೆ ಬರುತ್ತವೆ. ಪಟ್ಟಿಯಲ್ಲಿ ಹೆಸರಿದ್ದರೆ ಹಂಚುವುದು ಸುಲಭ.

ಇದೇನೂ ಅತಿಯಾದ ಬೇಡಿಕೆಯಲ್ಲ. ಉನ್ನತ ಶಿಕ್ಷಣದ ಬೋಧಕರ ಸ್ಥಾನಮಾನದ ಬಗ್ಗೆ ಯುನೆಸ್ಕೊ 1997ರಲ್ಲಿ ಅಂಗೀಕರಿಸಿದ ಶಿಫಾರಸು, ಕಾರ್ಯಭಾರ ನ್ಯಾಯವಾಗಿ ಹಂಚಿರಬೇಕು, ವಿದ್ಯಾರ್ಥಿಗಳ ಕೆಲಸವನ್ನೂ ಸಂಶೋಧನೆಯನ್ನೂ ಸರಿಯಾಗಿ ಮಾಡಲು ಅವಕಾಶ ಕೊಡುವಂತಿರಬೇಕು ಎಂದು ಹೇಳುತ್ತದೆ. ಅಧ್ಯಯನ ರಜೆಯ ಮಾತೂ ಅದರಲ್ಲಿದೆ.

ಇನ್ನು ಕ್ಷೇಮದ ಮಾತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಬರ್ನ್‌ಔಟ್ ಅನ್ನು ಕಾಯಿಲೆ ಎಂದು ಕರೆಯಲಿಲ್ಲ. ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ, ಕೆಲಸದ ಜಾಗದ ದೀರ್ಘಕಾಲದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಹೋದದ್ದರ ಫಲ ಎಂದಿತು. ಅದರ ಮೂರು ಮುಖಗಳನ್ನೂ ಹೇಳಿತು: ಶಕ್ತಿ ಬರಿದಾಗುವುದು, ಕೆಲಸದಿಂದ ಮನಸ್ಸು ದೂರ ಸರಿದು ಸಿನಿಕತನ ಬೆಳೆಯುವುದು, ಕೆಲಸ ಕೈಗೆ ಹತ್ತದಂತಾಗುವುದು. ಮನಶ್ಶಾಸ್ತ್ರಜ್ಞರಾದ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಪ್ರಕಟಿಸಿದ ಬರ್ನ್‌ಔಟ್ ಪ್ರಶ್ನಾವಳಿಯೂ ಹೆಚ್ಚುಕಡಿಮೆ ಈ ಮೂರನ್ನೇ ಅಳೆಯುತ್ತದೆ. ಅಧ್ಯಾಪಕರಲ್ಲಿ ಇದು ಹೇಗೆ ಕಾಣುತ್ತದೆ ಎಂದರೆ, ವಾರದೊಳಗೆ ಉತ್ತರ ಪತ್ರಿಕೆ ವಾಪಸು ಕೊಡುತ್ತಿದ್ದವರ ಮೇಜಿನ ಮೇಲೆ ಕಟ್ಟು ಬಿಚ್ಚದೆ ಒಂದು ತಿಂಗಳು ಬಿದ್ದಿರುತ್ತದೆ. “ಈ ಹುಡುಗರಿಗೆ ಏನು ಹೇಳಿದರೂ ಅಷ್ಟೇ” ಎಂಬ ಮಾತು ಹಿಂದೆ ಎಂದೂ ಆಡದವರ ಬಾಯಲ್ಲಿ ಬರುತ್ತದೆ. ವಿಭಾಗದ ಸಭೆಯಲ್ಲಿ ವಾದ ಮಾಡುತ್ತಿದ್ದವರು ಸುಮ್ಮನೆ ಸಹಿ ಹಾಕಿ ಹೋಗುತ್ತಾರೆ. ಈ ಮೌನವನ್ನು ಆಡಳಿತ ಎಷ್ಟೋ ಸಲ ಸಹಕಾರ ಎಂದು ಭಾವಿಸುತ್ತದೆ. ದಯವಿಟ್ಟು ಹಾಗೆ ಭಾವಿಸಬೇಡಿ.

ಕೆಲಸದ ಹೊರೆ ಒಂದೇ ಮನುಷ್ಯನನ್ನು ಮುರಿಯುವುದಿಲ್ಲ. ಹೊರೆ ಹೆಚ್ಚಾಗಿದ್ದು, ಅದನ್ನು ಹೇಗೆ ಹೊರಬೇಕೆಂಬ ತೀರ್ಮಾನವೂ ಕೈಯಲ್ಲಿಲ್ಲದಿದ್ದಾಗ ಪೆಟ್ಟು ಜೋರು ಎಂದು ಕೆಲಸದ ಒತ್ತಡವನ್ನು ಅಧ್ಯಯನ ಮಾಡಿದ ರಾಬರ್ಟ್ ಕರಾಸೆಕ್ 1979ರಲ್ಲೇ ತೋರಿಸಿದ್ದರು. ಆದ್ದರಿಂದ ಖರ್ಚಿಲ್ಲದೆ ಮಾಡಬಹುದಾದ ಕೆಲಸ ಬೇಕಷ್ಟಿದೆ. ಟೈಮ್ ಟೇಬಲ್ ಅಂತಿಮವಾಗುವ ಮೊದಲು ಪ್ರತಿಯೊಬ್ಬರಿಂದ “ಯಾವ ಎರಡು ಅವಧಿ ಖಾಲಿ ಬೇಕು” ಎಂದು ಕೇಳಿ. ವಾರದಲ್ಲಿ ಒಂದು ಅರ್ಧ ದಿನ ಇಡೀ ವಿಶ್ವವಿದ್ಯಾಲಯಕ್ಕೆ ಸಭೆ ಇಲ್ಲ ಎಂದು ನಿಗದಿಮಾಡಿ, ಆ ನಿಯಮವನ್ನು ನೀವೇ ಮೊದಲು ಪಾಲಿಸಿ. ಸುತ್ತೋಲೆಗೆ ಉತ್ತರಿಸಲು ಐದು ಕೆಲಸದ ದಿನಗಳಿಗಿಂತ ಕಡಿಮೆ ಗಡುವು ಕೊಡಬೇಡಿ. “ಇಂದು ಸಂಜೆ 4 ಗಂಟೆಯೊಳಗೆ ಮಾಹಿತಿ ಕಳಿಸಿ” ಎಂಬ ಒಂದು ಸಾಲು ಇಪ್ಪತ್ತು ಜನರ ಒಂದು ದಿನವನ್ನು ನುಂಗುತ್ತದೆ, ಅದೇ ಮಾಹಿತಿ ಕಳೆದ ತಿಂಗಳು ಇನ್ನೊಂದು ಕಚೇರಿಗೆ ಹೋಗಿರುತ್ತದೆ. ಇಮೇಲ್ ವಿಷಯದಲ್ಲಿ ಫ್ರಾನ್ಸ್ 2017ರ ಜನವರಿ 1ರಿಂದ ಕೆಲಸದ ಹೊತ್ತಿನ ಆಚೆ ಸಂಪರ್ಕದಿಂದ ಹೊರಗಿರುವ ಹಕ್ಕನ್ನು ಕಾನೂನಿಗೇ ಸೇರಿಸಿದೆ. ವಿಶ್ವವಿದ್ಯಾಲಯಕ್ಕೆ ಕಾನೂನು ಬೇಕಿಲ್ಲ. ಪ್ರತಿ ಪತ್ರಿಕೆಯ ಪಠ್ಯಯೋಜನೆಯ ಮೊದಲ ಪುಟದಲ್ಲಿ “ಇಮೇಲ್‌ಗೆ ಎರಡು ಕೆಲಸದ ದಿನಗಳೊಳಗೆ ಉತ್ತರ” ಎಂದು ಎಲ್ಲ ವಿಭಾಗಗಳೂ ಒಂದೇ ಮಾತು ಅಚ್ಚುಹಾಕಿದರೆ ಸಾಕು. ಒಬ್ಬರೇ ಈ ನಿಯಮ ಹಾಕಿಕೊಂಡರೆ ಅವರಿಗೆ ಕೆಟ್ಟ ಹೆಸರು ಬರುತ್ತದೆ, ಎಲ್ಲರೂ ಹಾಕಿಕೊಂಡರೆ ವಿದ್ಯಾರ್ಥಿಗಳು ಮೂರು ವಾರದಲ್ಲಿ ಹೊಂದಿಕೊಳ್ಳುತ್ತಾರೆ.

ಆಪ್ತ ಸಲಹೆಯ ಸೇವೆ ಇಡುವುದಾದರೆ ಸರಿಯಾಗಿ ಇಡಿ. ಸಲಹೆಗಾರರು ವಿಶ್ವವಿದ್ಯಾಲಯದ ಆಡಳಿತಕ್ಕೆ ವರದಿ ಮಾಡುವವರಾಗಿರಬಾರದು. ಭೇಟಿಯ ಹೊತ್ತು ಕೆಲಸದ ಅವಧಿಯಲ್ಲೇ ಸಿಗಬೇಕು, ಬಾಗಿಲು ಆಡಳಿತ ಕಚೇರಿಯ ಮೊಗಸಾಲೆಯಲ್ಲಿ ಇರಬಾರದು. ಆಡಳಿತಕ್ಕೆ ಹೋಗುವುದು ವರ್ಷಕ್ಕೆ ಒಟ್ಟು ಎಷ್ಟು ಜನ ಬಂದರು ಎಂಬ ಸಂಖ್ಯೆ ಮಾತ್ರ, ವಿಭಾಗವಾರು ಕೂಡ ಬೇಡ. ಎಂಟು ಜನರ ವಿಭಾಗದಲ್ಲಿ “ಒಬ್ಬರು” ಎಂದರೆ ಹೆಸರು ಹೇಳಿದಂತೆಯೇ. ಸಮೀಕ್ಷೆಗಳಿಗೂ ಇದೇ ಎಚ್ಚರ ಬೇಕು: ಹತ್ತು ಜನರಿಗಿಂತ ಚಿಕ್ಕ ಗುಂಪಿನ ಫಲಿತಾಂಶವನ್ನು ಪ್ರತ್ಯೇಕವಾಗಿ ಪ್ರಕಟಿಸಬೇಡಿ, ಆದರೆ ಒಟ್ಟು ಫಲಿತಾಂಶವನ್ನು 30 ದಿನದೊಳಗೆ ಪ್ರಕಟಿಸಿ, ಅದರಲ್ಲಿ ಯಾವ ಎರಡು ವಿಷಯ ಕೈಗೆತ್ತಿಕೊಳ್ಳುತ್ತೀರಿ ಎಂದೂ ಬರೆಯಿರಿ. ಸಮೀಕ್ಷೆ ಮಾಡಿ ಸುಮ್ಮನಾಗುವುದು ಮಾಡದೇ ಇರುವುದಕ್ಕಿಂತ ಕೆಟ್ಟದ್ದು. ಮುಂದಿನ ಸಲ ಯಾರೂ ನಿಜ ಹೇಳುವುದಿಲ್ಲ. ಧ್ಯಾನ, ಯೋಗದ ತರಗತಿ ಬೇಡವೆಂದು ನಾವು ಹೇಳುತ್ತಿಲ್ಲ, ಅದರಿಂದ ನೆಮ್ಮದಿ ಸಿಕ್ಕವರು ಇದ್ದಾರೆ. ಅದನ್ನು ಉತ್ತರ ಪತ್ರಿಕೆ ಒಪ್ಪಿಸುವ ವಾರದಲ್ಲಿ ಇಟ್ಟು, ಬಾರದವರ ಪಟ್ಟಿ ಕೇಳಬೇಡಿ.

ಈಗ ಕಲಿಕೆಗೆ ಬರೋಣ. ಐದು ದಿನದ ಕಾರ್ಯಾಗಾರದಿಂದ ತರಗತಿಯಲ್ಲಿ ಏನೂ ಬದಲಾಗುವುದಿಲ್ಲ ಎಂಬ ದೂರು ನಿಮ್ಮದೂ ಹೌದು, ನಮ್ಮದೂ ಹೌದು. ಕಾರಣ ಸರಳ. ಕೇಳಿದ್ದನ್ನು ಎರಡು ವಾರದೊಳಗೆ ಸ್ವಂತ ತರಗತಿಯಲ್ಲಿ ಪ್ರಯೋಗಿಸಿ, ಅದು ಎಲ್ಲಿ ಎಡವಿತು ಎಂದು ಒಬ್ಬರ ಜೊತೆ ಕೂತು ಮಾತಾಡದಿದ್ದರೆ ಅದು ನೋಟ್ ಬುಕ್ಕಿನಲ್ಲೇ ಉಳಿಯುತ್ತದೆ. ಕಾರ್ಯಾಗಾರಕ್ಕೆ ಕೊಡುವ ಹಣ ಮತ್ತು ಗಂಟೆಗಳ ಅರ್ಧವನ್ನಾದರೂ ಸಹೋದ್ಯೋಗಿಗಳು ಪರಸ್ಪರ ತರಗತಿ ನೋಡುವುದಕ್ಕೆ ತಿರುಗಿಸಿ.

ಅದನ್ನು ಮಾಡುವ ಬಗೆ ಹೀಗೆ. ಇಬ್ಬರು ಸೇರುತ್ತಾರೆ, ಸಾಧ್ಯವಾದರೆ ಬೇರೆ ಬೇರೆ ವಿಷಯದವರು. ಒಂದೇ ವಿಷಯದವರಾದರೆ ಪಾಠದ ವಿಷಯದ ಬಗ್ಗೆ ಚರ್ಚೆ ಶುರುವಾಗಿ ಪಾಠದ ಕ್ರಮ ಮರೆತುಹೋಗುತ್ತದೆ. ಮೊದಲು 20 ನಿಮಿಷದ ಭೇಟಿ: ನಾಳೆಯ ತರಗತಿಯಲ್ಲಿ ಯಾವುದನ್ನು ಗಮನಿಸಬೇಕು ಎಂದು ಪಾಠ ಮಾಡುವವರೇ ಹೇಳುತ್ತಾರೆ. “ಎಲ್ಲ ನೋಡಿ ಹೇಳಿ” ಎನ್ನುವುದು ಬೇಡ. “ಪ್ರಶ್ನೆ ಕೇಳಿದ ಮೇಲೆ ನಾನು ಎಷ್ಟು ಹೊತ್ತು ಕಾಯುತ್ತೇನೆ”, “ಹಿಂದಿನ ಎರಡು ಸಾಲು ಯಾವಾಗ ಕೈಬಿಟ್ಟುಹೋಗುತ್ತದೆ” ಇಂಥ ಒಂದು ಪ್ರಶ್ನೆ ಸಾಕು. ತರಗತಿಯಲ್ಲಿ ನೋಡುವವರು ಹಿಂದೆ ಕೂತು ಮೂರು ಕಾಲಮಿನ ಹಾಳೆ ತುಂಬುತ್ತಾರೆ: ಗಂಟೆ-ನಿಮಿಷ, ಅಧ್ಯಾಪಕರು ಏನು ಮಾಡುತ್ತಿದ್ದಾರೆ, ವಿದ್ಯಾರ್ಥಿಗಳು ಏನು ಮಾಡುತ್ತಿದ್ದಾರೆ. ಚೆನ್ನಾಗಿತ್ತು, ಚೆನ್ನಾಗಿಲ್ಲ ಎಂಬ ಶಬ್ದ ಆ ಹಾಳೆಯಲ್ಲಿ ಬರಬಾರದು. “10:17, ಪ್ರಶ್ನೆ ಕೇಳಿದರು, ಎರಡು ಸೆಕೆಂಡ್, ತಾವೇ ಉತ್ತರ ಹೇಳಿದರು, ಮುಂದಿನ ಸಾಲಿನ ಮೂವರು ಬರೆದುಕೊಂಡರು, ಮಿಕ್ಕವರು ಬರೆಯಲಿಲ್ಲ” ಎಂದು ಬರೆದಿದ್ದರೆ, ಅದನ್ನು ಓದಿದ ಅಧ್ಯಾಪಕರಿಗೆ ಬೇರೆ ಯಾರೂ ಏನೂ ಹೇಳಬೇಕಾಗಿಲ್ಲ. ಎರಡು ದಿನದೊಳಗೆ 40 ನಿಮಿಷದ ಮಾತುಕತೆ. ಮೊದಲ ಹತ್ತು ನಿಮಿಷ ಪಾಠ ಮಾಡಿದವರದ್ದೇ ಮಾತು. ಕೊನೆಗೆ ಒಂದೇ ಒಂದು ಬದಲಾವಣೆ ಆರಿಸಿಕೊಳ್ಳಬೇಕು. ಎರಡು ವಾರ ಬಿಟ್ಟು ಮತ್ತೊಮ್ಮೆ ಅದೇ ಸಹೋದ್ಯೋಗಿ ಬಂದು ಅದೊಂದನ್ನೇ ನೋಡಬೇಕು. ಒಂದು ಸುತ್ತಿಗೆ ಒಬ್ಬೊಬ್ಬರಿಗೆ ಸುಮಾರು ನಾಲ್ಕು ಗಂಟೆ.

ಈ ಕ್ರಮ ಬದುಕಬೇಕಾದರೆ ಒಂದು ಷರತ್ತು. ಆ ಹಾಳೆ ಪಾಠ ಮಾಡಿದವರ ಸ್ವತ್ತು. ವಿಭಾಗದ ಮುಖ್ಯಸ್ಥರಿಗೆ ಹೋಗಬಾರದು, ಬಡ್ತಿಯ ಕಡತಕ್ಕೆ ಸೇರಬಾರದು. ಒಮ್ಮೆ ಸೇರಿತೆಂದು ಸುದ್ದಿಯಾದರೂ ಸಾಕು, ಮುಂದಿನ ಸೆಮಿಸ್ಟರಿನಿಂದ ಎಲ್ಲರೂ ತಮ್ಮ ಅತ್ಯುತ್ತಮ ತರಗತಿಯನ್ನೇ ತೋರಿಸುತ್ತಾರೆ, ತೊಂದರೆ ಇರುವ ತರಗತಿಗೆ ಯಾರನ್ನೂ ಕರೆಯುವುದಿಲ್ಲ. ಬಡ್ತಿಗೆ ತರಗತಿ ವೀಕ್ಷಣೆ ಬೇಕೇ ಬೇಕೆಂದಿದ್ದರೆ ಅದನ್ನು ಬೇರೆಯವರು, ಬೇರೆ ನಮೂನೆಯಲ್ಲಿ, ಮೊದಲೇ ತಿಳಿಸಿ ಮಾಡಲಿ. ಮಿಶಿಗನ್ ವಿಶ್ವವಿದ್ಯಾಲಯ ಬೋಧನೆಗಾಗಿಯೇ ಒಂದು ಕೇಂದ್ರ ತೆರೆದದ್ದು 1962ರಲ್ಲಿ. ಆಮೇಲೆ ಇಂಥ ಕೇಂದ್ರಗಳು ಎಷ್ಟೋ ಕಡೆ ಬಂದವು. ಚೆನ್ನಾಗಿ ನಡೆಯುವ ಕೇಂದ್ರಗಳು ಈ ಗೋಪ್ಯತೆಯನ್ನು ಕಟ್ಟುನಿಟ್ಟಾಗಿ ಕಾಯುತ್ತವೆ.

ವಿದ್ಯಾರ್ಥಿಗಳ ಅಭಿಪ್ರಾಯವನ್ನು ಸೆಮಿಸ್ಟರಿನ ಕೊನೆಯಲ್ಲಿ ಕೇಳಿದರೆ, ಹೇಳಿದ ವಿದ್ಯಾರ್ಥಿಗಳಿಗೆ ಅದರಿಂದ ಪ್ರಯೋಜನವಿಲ್ಲ. ಐದನೆಯ ಅಥವಾ ಆರನೆಯ ವಾರದಲ್ಲಿ ಕೇಳಿ. ತರಗತಿಯ ಕೊನೆಯ 25 ನಿಮಿಷ ಅಧ್ಯಾಪಕರು ಹೊರಗೆ ಹೋಗಲಿ, ಬೇರೊಬ್ಬ ಸಹೋದ್ಯೋಗಿ ಬರಲಿ. ವಿದ್ಯಾರ್ಥಿಗಳು ನಾಲ್ಕೈದು ಮಂದಿಯ ಗುಂಪಾಗಿ ಮೂರು ಪ್ರಶ್ನೆಗೆ ಉತ್ತರ ಬರೆಯಲಿ: ಈ ತರಗತಿಯಲ್ಲಿ ಕಲಿಯಲು ಯಾವುದು ಸಹಾಯ ಮಾಡುತ್ತಿದೆ, ಯಾವುದು ಅಡ್ಡ ಬರುತ್ತಿದೆ, ಏನು ಬದಲಾದರೆ ಒಳ್ಳೆಯದು. ಗುಂಪಿನಲ್ಲಿ ಒಪ್ಪಿದ್ದನ್ನು ಮಾತ್ರ ಬರೆಯಬೇಕು. ಒಬ್ಬರ ಸಿಟ್ಟು ಅಲ್ಲೇ ಸೋಸಿಹೋಗುತ್ತದೆ. ಮುಂದಿನ ತರಗತಿಯಲ್ಲಿ ಅಧ್ಯಾಪಕರು ಐದು ನಿಮಿಷ ತೆಗೆದುಕೊಂಡು ಯಾವುದನ್ನು ಬದಲಿಸುತ್ತೇನೆ, ಯಾವುದನ್ನು ಏಕೆ ಬದಲಿಸುವುದಿಲ್ಲ ಎಂದು ಹೇಳಬೇಕು. ಆ ಐದು ನಿಮಿಷ ತಪ್ಪಿಸಿದರೆ ಇಡೀ ಪ್ರಯತ್ನ ವ್ಯರ್ಥ.

ಕೊನೆಯ ವಾರದಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರಿಗೆ ಕೊಡುವ ಅಂಕಗಳ ಮೇಲೆ ಬಡ್ತಿಯನ್ನು ತೂಗುವ ಪದ್ಧತಿಯ ಬಗ್ಗೆ ನಮಗೆ ಗಟ್ಟಿಯಾದ ಆಕ್ಷೇಪವಿದೆ. ಸಂಶೋಧಕ ಬಾಬ್ ಉಟ್ಲ್ ಮತ್ತು ಸಂಗಡಿಗರು 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ವಿದ್ಯಾರ್ಥಿಗಳು ಕೊಡುವ ಅಂಕಕ್ಕೂ ಅವರು ಕಲಿತದ್ದಕ್ಕೂ ಹೇಳಿಕೊಳ್ಳುವಂಥ ಸಂಬಂಧ ಸಿಗಲಿಲ್ಲ. 2015ರಲ್ಲಿ ಪ್ರಕಟವಾದ ಮ್ಯಾಕ್‌ನೆಲ್ ಮತ್ತು ಸಂಗಡಿಗರ ಪ್ರಯೋಗದಲ್ಲಿ ಆನ್‌ಲೈನ್ ಕೋರ್ಸಿನ ಬೋಧಕರು ಒಂದು ಗುಂಪಿಗೆ ಪುರುಷರ ಹೆಸರಿನಲ್ಲಿ, ಇನ್ನೊಂದಕ್ಕೆ ಮಹಿಳೆಯ ಹೆಸರಿನಲ್ಲಿ ಕಾಣಿಸಿಕೊಂಡರು. ಪುರುಷರ ಹೆಸರಿಗೆ ಹೆಚ್ಚು ಅಂಕ ಬಂತು. ಕಲಿಸುವ ಕ್ರಮ ಬದಲಿಸುವವರಿಗೆ ಇನ್ನೂ ಕಷ್ಟ. ವಿಜ್ಞಾನ, ಎಂಜಿನಿಯರಿಂಗ್, ಗಣಿತದ 225 ಅಧ್ಯಯನಗಳನ್ನು ಸ್ಕಾಟ್ ಫ್ರೀಮನ್ ತಂಡ 2014ರಲ್ಲಿ ಒಟ್ಟಿಗೆ ಪರಿಶೀಲಿಸಿತು. ಬರೀ ಉಪನ್ಯಾಸದ ತರಗತಿಗಳಲ್ಲಿ ನಪಾಸಾಗುವವರು ಸರಾಸರಿ ಶೇ. 33.8, ವಿದ್ಯಾರ್ಥಿಗಳೇ ಕೈಹಾಕಿ ಕೆಲಸ ಮಾಡುವ ತರಗತಿಗಳಲ್ಲಿ ಶೇ. 21.8. ಆದರೆ ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ನಡೆದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ತರಗತಿಯಲ್ಲಿ ಹೆಚ್ಚು ಕಲಿತ ವಿದ್ಯಾರ್ಥಿಗಳೇ ತಾವು ಕಡಿಮೆ ಕಲಿತೆವು ಎಂದು ಭಾವಿಸಿದ್ದರು. ಒಳ್ಳೆಯ ಉಪನ್ಯಾಸ ಸಲೀಸಾಗಿ ಕಿವಿಗೆ ಇಳಿಯುತ್ತದೆ, ತಾನೇ ಲೆಕ್ಕ ಬಿಡಿಸುವಾಗ ತಲೆ ನೋಯುತ್ತದೆ. ಹೀಗಿರುವಾಗ ಹೊಸ ಕ್ರಮ ಕಲಿತು ಬಂದು ಪ್ರಯೋಗಿಸಿದ ಅಧ್ಯಾಪಕರನ್ನು ಅಂಕ ಬಿದ್ದಿತೆಂದು ಕರೆದು ಕೇಳಿದರೆ, ನಿಮ್ಮ ತರಬೇತಿಯನ್ನು ನೀವೇ ರದ್ದುಮಾಡಿದಂತೆ. ಪತ್ರಿಕೆಯೊಂದನ್ನು ಹೊಸದಾಗಿ ರೂಪಿಸಿದವರಿಗೆ ಮೊದಲ ಎರಡು ಸೆಮಿಸ್ಟರಿನ ಅಂಕ ಬಡ್ತಿಗೆ ಲೆಕ್ಕವಿಲ್ಲ ಎಂದು ಲಿಖಿತವಾಗಿ ಕೊಡಿ.

ಸಂಶೋಧನೆಯ ವಿಷಯದಲ್ಲಿ ಎರಡೇ ಮಾತು. ಬರೆಯಲು ಹೊತ್ತು ಬೇಕು, ಅದು ಟೈಮ್ ಟೇಬಲ್‌ನಲ್ಲಿ ಇರಬೇಕು. ವಾರಕ್ಕೆ ಎರಡು ಸಲ 90 ನಿಮಿಷ, ಐದಾರು ಜನ ಒಂದೇ ಕೋಣೆಯಲ್ಲಿ, ಫೋನ್ ಹೊರಗಿಟ್ಟು, ತಂತಮ್ಮ ಬರಹ ಮಾಡುವ ಗುಂಪುಗಳು ರಜೆಗಾಗಿ ಕಾದು ಕೂರುವುದಕ್ಕಿಂತ ಹೆಚ್ಚು ಫಲ ಕೊಡುತ್ತವೆ. ಜೊತೆಗೆ, ನಿಯತಕಾಲಿಕದ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಲೇಖನಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸಿದರು ಎಂಬ ಅಂಕಿ) ನೋಡಿ ಸಂಶೋಧಕರನ್ನು ಅಳೆಯಬೇಡಿ ಎಂದು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ರೂಪುಗೊಂಡ ಘೋಷಣೆ ಹೇಳಿದೆ. ಅದಕ್ಕೆ ಸಹಿ ಹಾಕಿದ ಸಂಸ್ಥೆಗಳು ಬಡ್ತಿಯ ಅರ್ಜಿಯ ನಮೂನೆಯಲ್ಲೂ ಆ ಕಾಲಮನ್ನು ತೆಗೆಯಲಿ.

ಅಧ್ಯಯನ ರಜೆ ಹೊಸದಲ್ಲ. ಹಾರ್ವರ್ಡ್ ಅದನ್ನು 1880ರಲ್ಲೇ ಶುರುಮಾಡಿತು. ನಿಯಮದಲ್ಲಿ ರಜೆ ಇದ್ದೂ ಜನ ತೆಗೆದುಕೊಳ್ಳದಿರುವುದಕ್ಕೆ ಕಾರಣ ಒಂದೇ: ಬದಲಿ ಅಧ್ಯಾಪಕರು ಬರುವುದಿಲ್ಲ, ಹೊರೆ ಪಕ್ಕದ ಕೋಣೆಯವರ ತಲೆಗೆ ಬೀಳುತ್ತದೆ. ಬದಲಿ ವ್ಯವಸ್ಥೆಯ ಹಣವನ್ನು ರಜೆಯ ಮಂಜೂರಾತಿಯ ಜೊತೆಗೇ ಒದಗಿಸಿ.

ತಾತ್ಕಾಲಿಕ ಅಧ್ಯಾಪಕರನ್ನು ಈ ಎಲ್ಲದರಿಂದ ಹೊರಗಿಟ್ಟರೆ ಮಾಡಿದ್ದು ಅರ್ಧ ಕೆಲಸ. ಗಂಟೆಯ ಲೆಕ್ಕದಲ್ಲಿ ಸಂಬಳ ಪಡೆಯುವವರಿಗೆ ತಯಾರಿಗೂ ಮೌಲ್ಯಮಾಪನಕ್ಕೂ ಬಿಡಿಗಾಸಿಲ್ಲ, ತರಬೇತಿಗೆ ಬಂದ ದಿನದ ಸಂಬಳವೂ ಇಲ್ಲ. ಎಷ್ಟೋ ಜನರಿಗೆ ತರಗತಿ ಶುರುವಾಗುವ ವಾರದಲ್ಲಿ ನೇಮಕದ ಆದೇಶ ಬರುತ್ತದೆ. ಪಠ್ಯಯೋಜನೆ ಮಾಡಲು ಅವರಿಗೆ ಎಲ್ಲಿದೆ ಹೊತ್ತು? ಆದೇಶ ಕನಿಷ್ಠ ಆರು ವಾರ ಮೊದಲು ಕೈಸೇರಲಿ, ಅದರಲ್ಲಿ ಪಾವತಿಯಾಗುವ ಗಂಟೆಗಳಲ್ಲಿ ತಯಾರಿ, ಮೌಲ್ಯಮಾಪನ, ತರಬೇತಿ ಮೂರೂ ಸೇರಲಿ. ಅವರನ್ನೂ ವಿಭಾಗದ ಸಭೆಗೆ ಕರೆಯಿರಿ, ಆ ಹೊತ್ತಿಗೂ ಸಂಬಳ ಕೊಡಿ.

ಇದೆಲ್ಲ ನಡೆಯುವುದು ವಿಭಾಗದ ಮುಖ್ಯಸ್ಥರ ಕೈಯಲ್ಲಿ. ಅವರು ಹೆಚ್ಚಾಗಿ ಸರದಿಯಂತೆ ಆ ಕುರ್ಚಿಗೆ ಬಂದವರು, ಯಾರೂ ಅವರಿಗೆ ಆ ಕೆಲಸ ಕಲಿಸಿರುವುದಿಲ್ಲ. ಅಧಿಕಾರ ವಹಿಸಿಕೊಳ್ಳುವ ಮೊದಲು ಅವರಿಗೆ ಎರಡು ದಿನ ಕೊಡಿ: ಒಂದು ದಿನ ಕಾರ್ಯಭಾರ ಪಟ್ಟಿ ಹಾಕುವುದಕ್ಕೆ, ಇನ್ನೊಂದು ದಿನ ಕಷ್ಟದ ಮಾತುಕತೆ ಅಭ್ಯಾಸ ಮಾಡುವುದಕ್ಕೆ. ಸಹೋದ್ಯೋಗಿ ಕುಸಿಯುತ್ತಿರುವುದು ಕಂಡರೆ ಮುಖ್ಯಸ್ಥರು ಕಾಯಿಲೆಯ ಹೆಸರು ಹೇಳಬೇಕಾಗಿಲ್ಲ, ಧೈರ್ಯದ ಮಾತೂ ಬೇಕಿಲ್ಲ. ಬಾಗಿಲು ಹಾಕಿಕೊಂಡು “ಈ ತಿಂಗಳು ನಿಮ್ಮ ಕೈಯಿಂದ ಯಾವ ಒಂದು ಕೆಲಸ ತೆಗೆದರೆ ಉಸಿರಾಡಬಹುದು?” ಎಂದು ಕೇಳಿ, ಉತ್ತರ ಬರುವವರೆಗೆ ಕಾದು, ಆ ವಾರವೇ ಅದನ್ನು ತೆಗೆಯಬೇಕು. ಅದಕ್ಕೆ ಮುಖ್ಯಸ್ಥರ ಕೈಯಲ್ಲಿ ಅಧಿಕಾರ ಇರಬೇಕು. ಸೆಮಿಸ್ಟರಿಗೆ 30 ಗಂಟೆಯಷ್ಟು ಬದಲಿ ಬೋಧನೆಯ ಹಣವನ್ನು ಪ್ರತಿ ವಿಭಾಗಕ್ಕೆ, ಮೇಲಿನ ಅನುಮತಿ ಇಲ್ಲದೆ ಬಳಸುವಂತೆ, ಬಿಟ್ಟುಕೊಡಿ.

ಮುಂದಿನ ಸೆಮಿಸ್ಟರಿನ ಟೈಮ್ ಟೇಬಲ್‌ಗೆ ಸಹಿ ಬೀಳುವ ಮೊದಲು ಮೂರು ವಿಭಾಗಗಳನ್ನು ಆರಿಸಿ, ದೊಡ್ಡದೊಂದು, ಚಿಕ್ಕದೊಂದು, ಪ್ರಯೋಗಾಲಯ ಇರುವುದೊಂದು. ಎಂಟು ಕಾಲಮಿನ ಪಟ್ಟಿಯನ್ನು ಅಲ್ಲಿನ ಅಧ್ಯಾಪಕರ ಜೊತೆ ಕೂತು ತುಂಬಿ. ಮೊತ್ತ 600 ದಾಟಿದ ಪ್ರತಿ ಸಾಲಿನ ಎದುರು, ಯಾವ ಕೆಲಸ ತೆಗೆಯುತ್ತೀರಿ ಎಂದು ನಿಮ್ಮ ಕೈಯಾರೆ ಬರೆದು, ತರಗತಿ ಶುರುವಾಗುವ ಎರಡು ವಾರ ಮೊದಲು ವಿಭಾಗದ ನೋಟಿಸ್ ಬೋರ್ಡಿಗೆ ಹಾಕಿ. ಗಡಿಯಾರ ಇಟ್ಟು ಉತ್ತರ ಪತ್ರಿಕೆ ತಿದ್ದಿ ಅಳೆಯುವ ಕೆಲಸಕ್ಕೆ ನಾವು ಬರುತ್ತೇವೆ.

ಇಂತಿ,
ಪಾಠ ಮಾಡುವ, ಪಾಠ ಮಾಡುವವರ ಜೊತೆ ಕೆಲಸ ಮಾಡುವ ಕೆಲವು ಅಧ್ಯಾಪಕರು